ಟೆಕ್ಸಾಸಿನ ಸಣ್ಣ ಕೌಂಟಿಯಲ್ಲಿ ಡೈವೋರ್ಸ್ ಅರ್ಜಿ, ಹಳೆಯ ಡಿಕ್ರಿಯ ಪ್ರತಿ: ಎಲ್ಲಿ, ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಹಾಸನದಲ್ಲಿ ಹಿಂದೂ ಪದ್ಧತಿಯಂತೆ ಮದುವೆಯಾಗಿ ಈಗ ಪಶ್ಚಿಮ ಟೆಕ್ಸಾಸಿನ ಹಳ್ಳಿಗಾಡಿನ ಕೌಂಟಿಯೊಂದರಲ್ಲಿ (ನಮ್ಮ ಜಿಲ್ಲೆಯಂಥದ್ದು) ಇದ್ದೀರಿ, ಪತಿ ಮೈಸೂರಿಗೆ ವಾಪಸಾಗಿದ್ದಾರೆ, ಮಕ್ಕಳಿಲ್ಲ, ಬೇರೆಯಾಗಲು ಇಬ್ಬರಿಗೂ ಒಪ್ಪಿಗೆಯಿದೆ; ಅರ್ಜಿ ಎಲ್ಲಿ ಹಾಕಬೇಕು? ಜೊತೆಗೆ, ನಿಮ್ಮ ಅಣ್ಣನಿಗೆ 2009ರಲ್ಲಿ ಅದೇ ರಾಜ್ಯದಲ್ಲಿ ಆದ ವಿಚ್ಛೇದನದ ದಾಖಲೆ ಊರಲ್ಲಿ ಮರುಮದುವೆ ನೋಂದಣಿಗೆ ಬೇಕು, ಅದನ್ನು ಪಡೆಯುವುದು ಹೇಗೆ? ಅಣ್ಣನ ಕೆಲಸ ಸುಲಭದ್ದು, ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೆಚ್ಚಿನವರು ಎಡವುವುದು ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ. ಅಲ್ಲಿನ ರಾಜ್ಯ ಆರೋಗ್ಯ ಇಲಾಖೆಯ ವೈಟಲ್ ಸ್ಟ್ಯಾಟಿಸ್ಟಿಕ್ಸ್ ವಿಭಾಗಕ್ಕೆ 20 ಡಾಲರ್ ಕಟ್ಟಿದರೆ ಒಂದು ವೆರಿಫಿಕೇಶನ್ ಲೆಟರ್ ಬರುತ್ತದೆ. ಇಂಥವರಿಗೆ ಇಂಥ ಕೌಂಟಿಯಲ್ಲಿ ಇಂಥ ದಿನ ವಿಚ್ಛೇದನವಾಗಿದೆ ಎಂಬ ನಮೂದು ತಮ್ಮ ಸೂಚಿಯಲ್ಲಿದೆ ಎಂದಷ್ಟೇ ಅದು ಹೇಳುತ್ತದೆ. ಅದು ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಅಲ್ಲ; ಡಿಕ್ರಿಯ ನಕಲೂ ಅಲ್ಲ. ಸಬ್ ರಿಜಿಸ್ಟ್ರಾರ್ ಮುಂದೆ ಅದನ್ನಿಟ್ಟರೆ ಕೆಲಸ ಆಗುತ್ತದೆಂದು ನಂಬಿ ಕೂರಬೇಡಿ. ಯಾವ ಕೌಂಟಿಯಲ್ಲಿ ಕೇಸು ಮುಗಿಯಿತು ಎಂಬುದೇ ನೆನಪಿಲ್ಲದಿದ್ದರೆ ಮಾತ್ರ ಅದರಿಂದ ಉಪಯೋಗ. ಸೂಚಿ 1968ರಿಂದ ಶುರುವಾಗುವುದರಿಂದ 2009ರದ್ದು ಅದರಲ್ಲಿ ಸಿಗಬೇಕು.

ಅಸಲಿ ಕಡತ ಇರುವುದು ಕೇಸು ನಡೆದ ಕೌಂಟಿಯಲ್ಲಿ ಕೋರ್ಟು ಕಡತ ಕಾಯುವ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ. ಕೌಂಟಿ ಕ್ಲರ್ಕ್ ಬೇರೆ. ಅವರದು ಮದುವೆ ಲೈಸೆನ್ಸು, ಜಮೀನು ಪತ್ರಗಳ ವ್ಯವಹಾರ. 8,000ಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ಎರಡೂ ಹುದ್ದೆ ನೋಡಿಕೊಳ್ಳುತ್ತಾರೆ. ಅಂಥ ಕಡೆ ಮಿಂಚಂಚೆಗಿಂತ ಫೋನ್ ವಾಸಿ. ಕೇಳಬೇಕಾದದ್ದು 'ಫೈನಲ್ ಡಿಕ್ರಿ ಆಫ್ ಡೈವೋರ್ಸ್'ನ ಸರ್ಟಿಫೈಡ್ ಪ್ರತಿ. ಇಡೀ ಕಡತ ಬೇಡ. ಪುಟಕ್ಕೆ 1 ಡಾಲರ್, ಅದರ ಮೇಲೆ ದೃಢೀಕರಣದ ಶುಲ್ಕ. ಅಂಚೆಯಲ್ಲಿ ಕೇಳುವುದಾದರೆ ಮನಿ ಆರ್ಡರ್ ಮತ್ತು ಸ್ಟಾಂಪ್ ಅಂಟಿಸಿದ ಮರುವಿಳಾಸದ ಲಕೋಟೆ ಜೊತೆಗಿಡಿ.

ಕಾಸ್ ನಂಬರ್ (ಕೇಸಿನ ಸಂಖ್ಯೆ) ಗೊತ್ತಿದ್ದರೆ ಐದು ನಿಮಿಷದ ಕೆಲಸ. ಗೊತ್ತಿಲ್ಲದಿದ್ದರೆ ನಮ್ಮ ಹೆಸರುಗಳೇ ಕಾಟ ಕೊಡುತ್ತವೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿರುತ್ತಾರೆ, ಕೆಲವರಿಗೆ ಸರ್‌ನೇಮೇ ಇರುವುದಿಲ್ಲ. ಹೊಳೆನರಸೀಪುರ ರಾಮೇಗೌಡ ಮಂಜುನಾಥ ಎಂಬ ಹೆಸರನ್ನು ಸೂಚಿಯಲ್ಲಿ ಹೊಳೆನರಸೀಪುರ, ರಾಮೇಗೌಡ, ಮಂಜುನಾಥ ಈ ಮೂರರಲ್ಲಿ ಯಾವುದರ ಕೆಳಗಾದರೂ ಹಾಕಿರಬಹುದು. ಹಾಗಾಗಿ ಆಗ ಪಾಸ್‌ಪೋರ್ಟಿನಲ್ಲಿದ್ದ ಹೆಸರು, ಅದರ ಎಲ್ಲಾ ಸ್ಪೆಲಿಂಗ್‌ಗಳು, ಮಾಜಿ ಪತ್ನಿಯ ಹೆಸರು, ವರ್ಷದ ಆಚೀಚೆ ಎರಡು ವರ್ಷ, ಇಷ್ಟನ್ನೂ ಬರೆದುಕೊಡಿ.

ಪ್ರತಿ ಕೈಗೆ ಬಂದ ಮೇಲೆ ಅಪೋಸ್ಟಿಲ್, ಅಂದರೆ ಬೇರೆ ದೇಶದಲ್ಲಿ ದಾಖಲೆ ನಡೆಯಲು ಬೇಕಾದ ದೃಢೀಕರಣ, ಆಗಬೇಕು. ಭಾರತ, ಅಮೆರಿಕ ಎರಡೂ ಅಪೋಸ್ಟಿಲ್ ಒಪ್ಪಂದದಲ್ಲಿರುವುದರಿಂದ ಕಾನ್ಸುಲೇಟ್ ಮುದ್ರೆಯ ಅಗತ್ಯವಿಲ್ಲ. ಆಸ್ಟಿನ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ದಾಖಲೆಯೊಂದಕ್ಕೆ 15 ಡಾಲರ್ ಪಡೆದು ಹಾಕಿಕೊಡುತ್ತದೆ. ಅರ್ಜಿಯಲ್ಲಿ ದೇಶ ಭಾರತ ಎಂದು ಬರೆಯಿರಿ. ಕ್ಲರ್ಕ್ ಅವರ ಸಹಿ, ಮೊಹರು ಮೂಲದ್ದಾಗಿರಬೇಕು, ಸರ್ಟಿಫೈಡ್ ಪ್ರತಿಯ ಜೆರಾಕ್ಸ್ ಕಳಿಸಿದರೆ ಹಾಗೇ ವಾಪಸ್ ಬರುತ್ತದೆ. ಅಪೋಸ್ಟಿಲ್ ಹಾಳೆಯನ್ನು ಡಿಕ್ರಿಗೆ ಪಿನ್ ಹೊಡೆದು ಕೊಡುತ್ತಾರೆ. ಸ್ಕ್ಯಾನ್ ಮಾಡಲೆಂದು ಆ ಪಿನ್ ಬಿಚ್ಚಿದರೆ ದಾಖಲೆ ಕೆಟ್ಟಂತೆಯೇ ಲೆಕ್ಕ. ಮಡಚಿ ಹಿಡಿದು ಫೋಟೋ ತೆಗೆದುಕೊಳ್ಳಿ. ಎರಡು ಪ್ರತಿ ಮಾಡಿಸುವುದು ಜಾಣತನ.

ಇನ್ನು ನಿಮ್ಮ ಅರ್ಜಿ. ಹಾಕುವವರು ಅಥವಾ ಎದುರು ಕಡೆಯವರು, ಇಬ್ಬರಲ್ಲಿ ಒಬ್ಬರು ಟೆಕ್ಸಾಸಿನಲ್ಲಿ 6 ತಿಂಗಳು ನೆಲೆಸಿ, ಆ ಕೌಂಟಿಯಲ್ಲಿ 90 ದಿನ ವಾಸವಿರಬೇಕು. ಕೆಲಸದ ವೀಸಾದಲ್ಲಿರುವುದು ತಾನಾಗಿಯೇ ಅಡ್ಡಿಯಲ್ಲ. ಕೌಂಟಿ ಬದಲಿಸಿ ಮೂರು ತಿಂಗಳು ತುಂಬಿಲ್ಲವಾದರೆ ಕಾಯಿರಿ, ದಿನ ಕಡಿಮೆ ಬಿದ್ದ ಅರ್ಜಿ ಮುಂದೆ ತಕರಾರಿಗೆ ದಾರಿ.

ಸಣ್ಣ ಕೌಂಟಿಗೆ ಬಹುಮಟ್ಟಿಗೆ ತನ್ನದೇ ಜಿಲ್ಲಾ ನ್ಯಾಯಾಧೀಶರು ಇರುವುದಿಲ್ಲ. ಉದಾಹರಣೆಗೆ 394ನೇ ಡಿಸ್ಟ್ರಿಕ್ಟ್ ಕೋರ್ಟಿಗೆ ಬ್ರೂಸ್ಟರ್, ಕಲ್ಬರ್ಸನ್, ಹಡ್ಸ್‌ಪೆತ್, ಜೆಫ್ ಡೇವಿಸ್, ಪ್ರೆಸಿಡಿಯೊ ಎಂಬ ಐದು ಕೌಂಟಿಗಳು. ನ್ಯಾಯಾಧೀಶರು ಸರದಿಯಂತೆ ಬರುತ್ತಾರೆ. ಹಾಗಾಗಿ ಅರ್ಜಿಗೆ ಮೊದಲು ಕ್ಲರ್ಕ್ ಕಚೇರಿಗೆ ಫೋನ್ ಮಾಡಿ ಮೂರು ಮಾತು ಕೇಳಿಕೊಳ್ಳಿ: ತಕರಾರಿಲ್ಲದ ಕೇಸುಗಳನ್ನು ಯಾವ ದಿನ ತೆಗೆದುಕೊಳ್ಳುತ್ತಾರೆ, ಅರ್ಜಿಗೆ ಲಗತ್ತಿಸಬೇಕಾದ ಸ್ಟ್ಯಾಂಡಿಂಗ್ ಆರ್ಡರ್ (ಎಲ್ಲ ಕೇಸುಗಳಿಗೂ ಅನ್ವಯಿಸುವ ಕೋರ್ಟಿನ ಆದೇಶ) ಇದೆಯೇ, ಹಣ ಯಾವ ರೂಪದಲ್ಲಿ ಕಟ್ಟಬೇಕು. ಏನು ಬರೆಯಲಿ ಎಂದು ಮಾತ್ರ ಕೇಳಬೇಡಿ. ಕಾನೂನು ಸಲಹೆ ಕೊಡುವಂತಿಲ್ಲ ಎಂದು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ.

ನಮೂನೆಗಳು ಟೆಕ್ಸಾಸ್‌ಲಾಹೆಲ್ಪ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮಕ್ಕಳಿಲ್ಲದ, ಸ್ಥಿರಾಸ್ತಿ ಇಲ್ಲದ ದಂಪತಿಗೆ ರಾಜ್ಯದ ಸುಪ್ರೀಂ ಕೋರ್ಟೇ ಒಪ್ಪಿದ ನಮೂನೆಯ ಕಟ್ಟು ಬೇರೆಯೇ ಇದೆ. ಶುಲ್ಕ ಸುಮಾರು 350 ಡಾಲರ್, ಕಟ್ಟಲಾಗದವರು ಅಸಾಮರ್ಥ್ಯದ ಹೇಳಿಕೆ ಸಲ್ಲಿಸಬಹುದು. ಕಾರಣದ ಜಾಗದಲ್ಲಿ ಯಾರ ತಪ್ಪನ್ನೂ ಹೇಳದ 'ಇನ್‌ಸಪೋರ್ಟಬಿಲಿಟಿ' (ಹೊಂದಿ ಬಾಳಲಾಗದ ಸ್ಥಿತಿ) ಸಾಕು. ಹಳೆಯ ಹೆಸರಿಗೆ ಮರಳುವ ಆಸೆಯಿದ್ದರೆ ಈ ಅರ್ಜಿಯಲ್ಲೇ ಕೋರಿ, ಆಮೇಲೆ ಅದಕ್ಕೆಂದೇ ಬೇರೆ ಕೇಸು ಹಾಕಬೇಕಾಗುತ್ತದೆ.

ನಿಮ್ಮ ಪ್ರಕರಣದ ನಿಜವಾದ ಗಂಟು ಇರುವುದು ಮೈಸೂರಿನಲ್ಲಿ. ವೈ. ನರಸಿಂಹರಾವ್ ವಿರುದ್ಧ ವೈ. ವೆಂಕಟಲಕ್ಷ್ಮಿ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು 1991ರಲ್ಲಿ ಕೊಟ್ಟ ತೀರ್ಪು ಇಂದಿಗೂ ದಾರಿದೀಪ. ತಿರುಪತಿಯಲ್ಲಿ ಮದುವೆಯಾದ ಗಂಡ ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯಲ್ಲಿ 90 ದಿನದ ವಾಸ ತೋರಿಸಿ, ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣಕ್ಕೆ ಡಿಕ್ರಿ ತಂದಿದ್ದರು. ಹೆಂಡತಿ ಆ ಕೋರ್ಟಿನ ಅಧಿಕಾರಕ್ಕೆ ಒಳಪಟ್ಟಿರಲಿಲ್ಲ, ಕಾರಣವೂ ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ. ಡಿಕ್ರಿ ಇಲ್ಲಿ ಮಾನ್ಯವಲ್ಲ ಎಂದಿತು ಕೋರ್ಟು. ಆದರೆ ಎದುರು ಕಡೆಯವರು ತಾವಾಗಿ ಪರಿಹಾರಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಮಾನ್ಯ ಎಂಬ ವಿನಾಯಿತಿಯನ್ನೂ ಇಟ್ಟಿತು. ನಿಮ್ಮ ಟೆಕ್ಸಾಸ್ ಡಿಕ್ರಿ ಊರಲ್ಲೂ ನಿಲ್ಲಬೇಕಾದರೆ ಆ ವಿನಾಯಿತಿಯೊಳಗೆ ಕೂರಬೇಕು. ಪತಿ ಸುಮ್ಮನಿದ್ದು ಏಕಪಕ್ಷೀಯ ಡಿಕ್ರಿ ಬಂದರೆ ಅಮೆರಿಕದಲ್ಲಿ ನೀವು ಒಂಟಿ, ಭಾರತದಲ್ಲಿ ವಿವಾಹಿತೆ.

ಆದ್ದರಿಂದ ಪತಿ ಕಾಗದದ ಮೇಲೆ ಕಾಣಿಸಿಕೊಳ್ಳಲೇಬೇಕು. ದಾರಿ ಎರಡಿವೆ. 'ವೇವರ್ ಆಫ್ ಸರ್ವಿಸ್' (ನನಗೆ ಸಮನ್ಸ್ ಜಾರಿ ಬೇಡ ಎಂಬ ಪತ್ರ) ಎಂಬುದನ್ನು ನೋಟರಿ ಎದುರು ಸಹಿ ಮಾಡಬೇಕು, ಅದೂ ನೀವು ಅರ್ಜಿ ಹಾಕಿದ ಮೇಲೆಯೇ. ಅರ್ಜಿಗಿಂತ ಮೊದಲಿನ ತಾರೀಖಿದ್ದರೆ ಕೋರ್ಟು ಅದನ್ನು ಒಪ್ಪುವುದಿಲ್ಲ. ನನ್ನ ಮತ ಎರಡನೆಯದಕ್ಕೆ: ಪತಿಯೇ 'ಆನ್ಸರ್' (ಅರ್ಜಿಗೆ ಲಿಖಿತ ಉತ್ತರ) ಸಲ್ಲಿಸಲಿ. ಅದಕ್ಕೆ ನೋಟರಿ ಬೇಡ, ಶುಲ್ಕವಿಲ್ಲ, ಮೈಸೂರಿನಿಂದಲೇ ಇ-ಫೈಲ್ ಮಾಡಬಹುದು, ಮೇಲಾಗಿ ಕೋರ್ಟಿಗೆ ತಾವಾಗಿ ಬಂದರು ಎಂಬುದಕ್ಕೆ ದಾಖಲೆಯೂ ಆಯಿತು. ಇವೆರಡೂ ಆಗದಿದ್ದರೆ ವಿದೇಶಕ್ಕೆ ಸಮನ್ಸ್ ಕಳಿಸುವ ಹೇಗ್ ಒಪ್ಪಂದದ ಪ್ರಕಾರ ದೆಹಲಿಯ ಕಾನೂನು ಸಚಿವಾಲಯದ ಮೂಲಕ ಸಮನ್ಸ್ ಜಾರಿಯಾಗಬೇಕು. ಅದು ತಿಂಗಳುಗಟ್ಟಲೆ ಎಳೆಯುತ್ತದೆ, ಕೊರಿಯರ್‌ನಲ್ಲಿ ನೇರ ಕಳಿಸುವ ದಾರಿಗೆ ಭಾರತ ಆಕ್ಷೇಪ ದಾಖಲಿಸಿದೆ.

ಅರ್ಜಿ ಹಾಕಿ 60 ದಿನ ಕಳೆಯದೆ ಡಿಕ್ರಿಯಿಲ್ಲ. ಕುಟುಂಬ ಹಿಂಸೆಯಂಥ ಕೆಲವೇ ವಿನಾಯಿತಿಗಳುಂಟು. ಈ ಅವಧಿಯಲ್ಲಿ ಡಿಕ್ರಿಯ ಕರಡಿಗೆ ಇಬ್ಬರೂ ಸಹಿ ಹಾಕಿ. ಒಕ್ಕಣೆಗೂ ತಿರುಳಿಗೂ ಒಪ್ಪಿಗೆಯಿದೆ, ವಿಚ್ಛೇದನಕ್ಕೆ ಸ್ವಇಚ್ಛೆಯಿಂದ ಸಮ್ಮತಿಸಿದ್ದೇನೆ ಎಂಬ ಸಾಲು ಪತಿಯ ಸಹಿಯ ಮೇಲೆ ಸ್ಪಷ್ಟವಾಗಿರಲಿ. ಕೊನೆಯ ವಿಚಾರಣೆ ಹತ್ತು ನಿಮಿಷದ ಮಾತು: ವಾಸದ ಅವಧಿ, ಮದುವೆಯ ದಿನ, ಒಪ್ಪಂದ ನ್ಯಾಯವಾಗಿದೆಯೇ ಎಂಬ ಪ್ರಶ್ನೆಗಳು. ಆಸ್ಟಿನ್‌ನ ಸೂಚಿಗೆ ಹೋಗುವ ವಿಎಸ್-165 ನಮೂನೆಯನ್ನೂ ಭರ್ತಿ ಮಾಡಿ ಕೊಂಡೊಯ್ಯಿರಿ, ಮರೆಯುವವರೇ ಜಾಸ್ತಿ. ನ್ಯಾಯಾಧೀಶರು ಸಹಿ ಹಾಕಿದ ಹಾಳೆ ಕ್ಲರ್ಕ್ ಮೇಜಿಗೆ ಬಂದು ಫೈಲ್ ಆದ ಕೂಡಲೇ ಸರ್ಟಿಫೈಡ್ ಪ್ರತಿ ಕೇಳಿ. ನೂರು ಮೈಲಿ ದೂರದವರು ಅದಕ್ಕಾಗಿ ಮತ್ತೆ ಬರುವುದು ವ್ಯರ್ಥ. ಸಹಿಯಾದ 30 ದಿನದೊಳಗೆ ಇಬ್ಬರೂ ಬೇರೆಯವರನ್ನು ಮದುವೆಯಾಗುವಂತಿಲ್ಲ. 401ಕೆ ನಿವೃತ್ತಿ ಹಣ ಹಂಚುವುದಿದ್ದರೆ ಡಿಕ್ರಿಯ ಸಾಲು ಸಾಲದು, ಕ್ವಾಡ್ರೊ ಎಂಬ ಪ್ರತ್ಯೇಕ ಆದೇಶ ಬೇಕು.

ಮೈಸೂರಿನಲ್ಲಿ ಜಂಟಿ ಸೈಟು ಏನಾದರೂ ಇದ್ದರೆ ಈ ಡಿಕ್ರಿ ತೋರಿಸಿ ಖಾತೆ ಬದಲಾಗುವುದಿಲ್ಲ. ಅಮೆರಿಕದ ಕೋರ್ಟು ಡಿಕ್ರಿಗಳನ್ನು ಇಲ್ಲಿ ನೇರವಾಗಿ ಜಾರಿ ಮಾಡುವ ಏರ್ಪಾಡಿಲ್ಲ. ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ನೀವು ಅಲ್ಲಿಂದಲೇ ಜಿಪಿಎ (ನಿಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ) ಕೊಡುವುದಾದರೆ, ಅದು ಊರು ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಿಬಿಡಿ.