ಪಾರ್ಶ್ವವಾಯು ರೋಗಿಗಳ ನುಂಗುವಿಕೆ ಪರೀಕ್ಷೆ: ನರ್ಸ್‌ಗಳಿಗೆ ಎರಡು ಗಂಟೆಯ ತರಬೇತಿ ಸಾಕೇ?

ನಿಮ್ಮ ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳಿಗೆ ಎರಡು ಗಂಟೆಯ ತರಗತಿ ಸಾಕೇ, ಯಾವ ಪರೀಕ್ಷಾ ನಮೂನೆ ಒಳ್ಳೆಯದು ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ಕೋಲಾರದ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಹೊಣೆ ಹೊತ್ತಿದ್ದಾಗ ನಾನೂ ಇದೇ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟಿದ್ದೆ. ಒಂದು ನಮೂನೆಯನ್ನು ಆರಿಸಿದೆ, ಇಪ್ಪತ್ತು ಮಂದಿ ಸಿಸ್ಟರ್‌ಗಳನ್ನು ಸಭಾಂಗಣದಲ್ಲಿ ಕೂರಿಸಿ ಪಾಠ ಮಾಡಿದೆ, ಹಾಜರಿ ಸಹಿ ಪಡೆದೆ. ಅಂದು ನಾನು ಒತ್ತಿ ಒತ್ತಿ ಹೇಳಿದ ಮಾತು ಒಂದೇ: “ನೀರು ಕುಡಿಸಿ ನೋಡಿ, ಕೆಮ್ಮಿದರೆ ನಿಲ್ಲಿಸಿ.”

ಮೂರು ವಾರ ಕಳೆದಿರಲಿಲ್ಲ, ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಲಕ್ವ ಹೊಡೆದು ರಾತ್ರಿ ದಾಖಲಾದರು. ಪಾಳಿಯಲ್ಲಿದ್ದ ಸಿಸ್ಟರ್ ಅವರನ್ನು ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಮೊದಲು ಚಮಚದಲ್ಲಿ, ಆಮೇಲೆ ಲೋಟದಲ್ಲಿ ನೀರು ಕೊಟ್ಟರು. ರೋಗಿ ಒಮ್ಮೆಯೂ ಕೆಮ್ಮಲಿಲ್ಲ. ‘ತೊಂದರೆ ಇಲ್ಲ’ ಎಂದು ಬರೆದು, ಬೆಳಿಗ್ಗೆ ರಾಗಿ ಗಂಜಿ ಕೊಡಲು ಒಪ್ಪಿದರು. ರೋಗಿಯ ಹೆಂಡತಿ ಮಾತ್ರ, “ಯಾಕಮ್ಮಾ ಇವರ ದನಿ ಹಿಂಗಾಗೈತೆ? ಗಂಟಲಲ್ಲಿ ನೀರು ನಿಂತಂಗೆ ಗೊರಗೊರ ಅಂತೈತಲ್ಲ” ಎಂದು ಎರಡು ಸಲ ಕೇಳಿದರಂತೆ. ಲಕ್ವದಲ್ಲಿ ಮಾತು ಕೆಡುವುದು ಸಹಜವೆಂದು ಸಿಸ್ಟರ್ ಸಮಾಧಾನ ಹೇಳಿದರು. ಮೂರನೆಯ ದಿನ ಜ್ವರ ಬಂತು, ನಾಲ್ಕನೆಯ ದಿನ ನ್ಯುಮೋನಿಯಾ ಎಂದು ತಿಳಿಯಿತು, ಅಲ್ಲಿಂದ ಹನ್ನೊಂದು ದಿನ ವೆಂಟಿಲೇಟರ್. ಮನೆಗೆ ಹೊರಟಾಗಲೂ ಮೂಗಿನಲ್ಲಿ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್ ಇತ್ತು.

ಆ ಸಿಸ್ಟರ್ ತಪ್ಪು ಮಾಡಲಿಲ್ಲ, ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದರು. ಪಾರ್ಶ್ವವಾಯುವಿನಲ್ಲಿ ಗಂಟಲಿನ ಸ್ಪರ್ಶಜ್ಞಾನವೇ ಮಂಕಾಗಿರಬಹುದು, ಆಗ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಅಂಥವರಲ್ಲಿ ಸುಳಿವು ಕೊಡಬಹುದಾದದ್ದು ದನಿ: ಪ್ರತಿ ಗುಟುಕಿನ ನಂತರ ‘ಆ’ ಎನ್ನಿಸಿ, ಸ್ವಲ್ಪ ಹೊತ್ತು ಕಾದು ಮತ್ತೊಮ್ಮೆ ಅನ್ನಿಸಿ, ದನಿ ಒದ್ದೆಯಾಯಿತೇ, ಅಂದರೆ ಗೊರಗೊರ ಎನ್ನುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ನಮೂನೆಯಲ್ಲಿಯೂ ಅಚ್ಚಾಗಿತ್ತು. ಒಂದೇ ಮಾತಾದರೆ ಎಲ್ಲರಿಗೂ ನೆನಪಿರುತ್ತದೆ ಎಂದುಕೊಂಡು, ಕೆಮ್ಮನ್ನಷ್ಟೇ ಉಳಿಸಿ ದನಿಯನ್ನು ಪಾಠದಿಂದ ಕೈಬಿಟ್ಟವಳು ನಾನು. ಅದನ್ನು ಕೈಬಿಟ್ಟದ್ದರಿಂದ, ಆ ಹೆಂಡತಿ ಬಾಯಿಬಿಟ್ಟು ಹೇಳಿದ ರೋಗಲಕ್ಷಣ ನಮ್ಮ ಸಿಸ್ಟರ್ ಕಿವಿಗೆ ಬರಿಯ ದೂರಾಗಿ ಕೇಳಿಸಿತು.

ಆದ್ದರಿಂದ ಯಾವ ನಮೂನೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 90 ಮಿಲಿಲೀಟರ್ ನೀರಿನ ಪರೀಕ್ಷೆಯಾಗಲಿ, ನೀರಿಗಿಂತ ಮೊದಲು ಅರೆಗಟ್ಟಿ ಆಹಾರದಿಂದ ಶುರುವಾಗುವ, 2007ರಲ್ಲಿ ಆಸ್ಟ್ರಿಯಾದಿಂದ ಬಂದ ಗುಗ್ಗಿಂಗ್ ಪರೀಕ್ಷೆಯಾಗಲಿ, ಕಿವಿ ಪಳಗದಿದ್ದರೆ ಎರಡೂ ಕಾಗದವೇ. ಒದ್ದೆ ದನಿ ಸಭಾಂಗಣದಲ್ಲಿ ಕೇಳಿಸುವುದಿಲ್ಲ. ಒಬ್ಬೊಬ್ಬ ಸಿಸ್ಟರ್, ಮಾತಿನ ಜೊತೆಗೆ ನುಂಗುವಿಕೆಯ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಎದುರಿನಲ್ಲಿ ಕನಿಷ್ಠ ಐದು ರೋಗಿಗಳ ಪರೀಕ್ಷೆ ಮಾಡಿ ತೋರಿಸಲಿ. “ಇದು ಇವರ ಮಾಮೂಲಿ ದನಿಯೇನಮ್ಮಾ?” ಎಂದು ಮನೆಯವರನ್ನು ಕೇಳುವುದು ಪರೀಕ್ಷೆಯ ಭಾಗವಾಗಲಿ.

ಇನ್ನೊಂದು ವಿಷಯವನ್ನು ತರಗತಿಗೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜ್ವರ, ಸಕ್ಕರೆ, ನುಂಗುವಿಕೆ ಮೂರನ್ನೂ ಲಿಖಿತ ನಿಯಮದಡಿ ನರ್ಸ್‌ಗಳು ನೋಡಿಕೊಂಡ ಕಡೆ, 90 ದಿನಗಳ ನಂತರ ಸತ್ತವರು ಮತ್ತು ಪರಾವಲಂಬಿಗಳಾದವರು ಒಟ್ಟು ಸೇರಿ ಕಡಿಮೆ ಇದ್ದರು. ನಮ್ಮಲ್ಲಿ ರೌಂಡ್ಸಿಗೆ ಬಂದ ವೈದ್ಯರು “ಗಂಜಿ ಕೊಡಿ” ಎಂದರೆ ಸಿಸ್ಟರ್ ಬರೆದ ಹಾಳೆಗೆ ಬೆಲೆಯಿರುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಮಾತ್ರೆ, ಕಾಫಿ, ದೇವಸ್ಥಾನದ ತೀರ್ಥ ಏನೂ ಬಾಯಿಗಿಲ್ಲ ಎಂಬ ಆದೇಶವನ್ನು ವೈದ್ಯಾಧಿಕಾರಿಗಳಿಂದ ಬರಹದಲ್ಲಿ ಪಡೆಯಿರಿ.

ಸ್ಪೀಚ್ ಥೆರಪಿಸ್ಟ್ ಇಲ್ಲದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರೆದು ಕೇಳಿ. ಮೊದಲ ತಂಡಕ್ಕೆ ರಾತ್ರಿ ಪಾಳಿಯವರನ್ನೇ ಆರಿಸಿ. ಆ ರೈತರು ನಮ್ಮಲ್ಲಿಗೆ ಬಂದದ್ದು ರಾತ್ರಿ ಒಂದೂವರೆಗೆ.