‘ಲವ್ ಅಂಡ್ ಮಾನ್‌ಸ್ಟರ್ಸ್’ ಎಪಿಸೋಡ್ ಬಿಟ್ಟು ಮುಂದೆ ಹೋಗಬಹುದಾ?

ಡಾಕ್ಟರ್ ಅನ್ನೋ ಹೆಸರಿನ ಅನ್ಯಗ್ರಹದವನೊಬ್ಬ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಬ್ರಿಟಿಷ್ ಟಿವಿ ಸರಣಿ ‘ಡಾಕ್ಟರ್ ಹೂ’ ನೋಡಲು ಶುರು ಮಾಡಿದ್ದೀರಿ, ಎರಡನೇ ಸೀಸನ್ನಿನ ಹತ್ತನೇ ಎಪಿಸೋಡ್ ತೀರಾ ಕೆಟ್ಟದು ಅಂತ ಎಲ್ಲರೂ ಹೇಳುತ್ತಾರೆ, ಬಿಟ್ಟರೆ ಏನಾದರೂ ನಷ್ಟವಾ ಅಂತ ಕೇಳಿದ್ದೀರಿ.

ಬಿಡಬೇಡಿ. ಇಡೀ ಸರಣಿಯಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದ ಎಪಿಸೋಡ್ ಅದು. ಮುಂದೆ ಕಥೆಯನ್ನೆಲ್ಲ ಹೇಳಿಬಿಟ್ಟಿದ್ದೇನೆ. ಬೇಡ ಅನಿಸಿದರೆ ಮೊದಲು ನೋಡಿಕೊಂಡು ಬನ್ನಿ, ಮುಕ್ಕಾಲು ಗಂಟೆ ಅಷ್ಟೆ.

ಜನ ಯಾಕೆ ಬೈಯುತ್ತಾರೆ ಅನ್ನೋದು ನನಗೂ ಗೊತ್ತು. 2006ರ ಜೂನ್ 17ರ ಶನಿವಾರ ಡಾಕ್ಟರನ್ನು ನೋಡೋಣ ಅಂತ ಟಿವಿ ಮುಂದೆ ಕೂತವರಿಗೆ ಡಾಕ್ಟರ್ ಸಿಕ್ಕಿದ್ದು ಕೆಲವೇ ನಿಮಿಷ. ಕ್ರಿಸ್‌ಮಸ್ ವಿಶೇಷವೂ ಸೇರಿ ಒಟ್ಟು 14 ಎಪಿಸೋಡ್ ಮಾಡಬೇಕಿತ್ತು. ಸಮಯ ಸಾಲದೆ ಎರಡನ್ನು ಒಟ್ಟಿಗೇ ಚಿತ್ರೀಕರಿಸಿದರು. ಡಾಕ್ಟರ್ ಪಾತ್ರ ಮಾಡುತ್ತಿದ್ದ ಡೇವಿಡ್ ಟೆನಂಟ್ ಒಬ್ಬರೇ ಎರಡು ಕಡೆ ಇರೋಕೆ ಆಗಲ್ಲ ಅಲ್ವಾ? ಹಾಗಾಗಿ ಸರಣಿಯ ಮುಖ್ಯ ಬರಹಗಾರ ರಸೆಲ್ ಟಿ. ಡೇವಿಸ್, ಡಾಕ್ಟರನ್ನು ದೂರದಿಂದ ಕಂಡ ಎಲ್ಟನ್ ಅನ್ನೋ ಸಾಮಾನ್ಯ ಹುಡುಗನ ಕಥೆ ಬರೆದರು. ಅದರಲ್ಲಿ ಬರುವ ರಾಕ್ಷಸನನ್ನು ಕಲ್ಪಿಸಿದ್ದು ಒಂಬತ್ತು ವರ್ಷದ ಹುಡುಗ. ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ಚಿತ್ರ ಅದು. ಹಸಿರು ಮೈ, ದೊಡ್ಡ ಹೊಟ್ಟೆ. ಮುಟ್ಟಿದವರನ್ನೆಲ್ಲ ಮೈಯೊಳಗೆ ಎಳೆದುಕೊಳ್ಳುತ್ತಾನೆ. ಅವರ ಮುಖಗಳು ಅವನ ಚರ್ಮದ ಮೇಲೆ ಹಾಗೇ ಉಳಿದು ಮಾತಾಡುತ್ತವೆ. ನೋಡಿದವರು ಮಕ್ಕಳಾಟ ಅಂದರು.

ಆದರೆ ಅದಕ್ಕೂ ಮುಂಚಿನ ಭಾಗ ನೋಡಿ. ಡಾಕ್ಟರ್ ಬಗ್ಗೆ ಕುತೂಹಲ ಇರುವ, ಎಲ್ಟನ್ನೂ ಸೇರಿ ಐದು ಜನ ಲಂಡನ್ನಿನಲ್ಲಿ ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಸೇರುತ್ತಾರೆ. ತಮ್ಮ ಗುಂಪಿಗೆ ‘ಲಿಂಡಾ’ ಅಂತ ಹೆಸರಿಡುತ್ತಾರೆ. ಶುರುವಿನಲ್ಲಿ ಬರೀ ಡಾಕ್ಟರ್ ಮಾತು. ಆಮೇಲೆ ಬ್ರಿಜೆಟ್ ಅಡುಗೆ ಮಾಡಿ ತರುತ್ತಾಳೆ. ಸ್ಕಿನ್ನರ್ ತಾನು ಬರೆಯುತ್ತಿರುವ ಕಾದಂಬರಿ ಓದುತ್ತಾನೆ. ಎಲ್ಲರೂ ಸೇರಿ ಹಾಡು ಬಾರಿಸುತ್ತಾರೆ. ಡಾಕ್ಟರ್ ಯಾವಾಗ ಬದಿಗೆ ಸರಿದ ಅಂತ ಯಾರಿಗೂ ಗೊತ್ತಾಗಲ್ಲ.

ಇದನ್ನು ನೋಡುವಾಗ ನನಗೆ ನಮ್ಮ ತುಮಕೂರಿನ ಮಹಡಿ ಕಣ್ಣ ಮುಂದೆ ಬಂತು. ಎಸ್.ಎಸ್. ಪುರಂನ ಒಂದು ಮನೆ ಮೇಲೆ ಪ್ರತಿ ಭಾನುವಾರ ಸಂಜೆ ನಾವು ಐದಾರು ಜನ ಸೇರುತ್ತಿದ್ದೆವು. ಒಂದೇ ಒಂದು ಸಣ್ಣ ಟೆಲಿಸ್ಕೋಪ್. ಗುರು ಗ್ರಹದ ಪಕ್ಕ ನಾಲ್ಕು ಚಂದ್ರರು ಸಾಲಾಗಿ ಸಾಸಿವೆ ಕಾಳಿನ ಹಾಗೆ ಕಂಡ ರಾತ್ರಿ ಯಾರೂ ಮನೆಗೆ ಹೊರಡಲೇ ಇಲ್ಲ. ಬರ್ತಾ ಬರ್ತಾ ಟೆಲಿಸ್ಕೋಪ್ ಚೀಲದಲ್ಲೇ ಉಳಿಯುತ್ತಿತ್ತು. ಗುಬ್ಬಿಯಿಂದ ಒಬ್ಬ ಅಕ್ಕ ಬಸ್ಸಿನಲ್ಲಿ ಬರೋರು, ಸ್ಟೀಲ್ ಡಬ್ಬಿ ತುಂಬಾ ಬೇಯಿಸಿದ ಕಡಲೆಕಾಯಿ. ಮುಚ್ಚಳ ತೆಗೆದರೆ ಇನ್ನೂ ಹಬೆ ಏಳುತ್ತಿತ್ತು. ರಿಟೈರ್ ಆದ ಮೇಷ್ಟ್ರೊಬ್ಬರು ಕಣ್ಣು ಮುಚ್ಚಿ ತತ್ವಪದ ಹಾಡೋರು. ಮೋಡ ಕವಿದ ದಿನವೂ ಯಾರೂ ತಪ್ಪಿಸುತ್ತಿರಲಿಲ್ಲ.

ಎಪಿಸೋಡಿನಲ್ಲಿ ಆಮೇಲೆ ವಿಕ್ಟರ್ ಕೆನಡಿ ಬರುತ್ತಾನೆ. ಸುಮ್ನೆ ಹರಟುತ್ತಾ ಕಾಲ ಕಳೆಯುತ್ತಿದ್ದೀರಿ ಅಂತ ಗದರಿಸಿ ಎಲ್ಲರನ್ನೂ ಡಾಕ್ಟರನ್ನು ಹುಡುಕುವ ಕೆಲಸಕ್ಕೆ ಹಚ್ಚುತ್ತಾನೆ. ಹಾಡು ನಿಲ್ಲುತ್ತದೆ. ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಅವನೇ ಆ ಹಸಿರು ರಾಕ್ಷಸ. ನಮ್ಮ ಗುಂಪಿಗೂ ಹೊಸದಾಗಿ ಒಬ್ಬರು ಸೇರಿದರು. ಒಳ್ಳೆಯ ಉದ್ದೇಶವೇ, ಅವರನ್ನು ರಾಕ್ಷಸ ಅನ್ನಲಾರೆ. ಆದರೆ ಹಾಜರಿ ಪಟ್ಟಿ ಬಂತು, ವಾರದ ವರದಿ ಬಂತು, ಬರದವರು ವಾಟ್ಸಾಪಿನಲ್ಲಿ ಕಾರಣ ಬರೆಯಬೇಕು ಅಂತಾಯಿತು. ಮೊದಲು ಮೇಷ್ಟ್ರು ಬರೋದು ಬಿಟ್ಟರು. ಆಮೇಲೆ ಅಕ್ಕ. ಮಗನನ್ನು ಕಳೆದುಕೊಂಡ ಮೇಲೆ ಅವರು ಮನೆಯಿಂದ ಆಚೆ ಬರುತ್ತಿದ್ದದ್ದೇ ಆ ಒಂದು ಸಂಜೆಗೆ ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ. ಬ್ರಿಜೆಟ್ ಲಂಡನ್ನಿಗೆ ಬರುತ್ತಿದ್ದದ್ದು ಕಾಣೆಯಾದ ಮಗಳನ್ನು ಹುಡುಕಿಕೊಂಡು. ಆ ಮಾತು ಬಂದಾಗ ನಾನು ವಿಡಿಯೋ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ. ಎರಡು ವರ್ಷ ಆಗಿತ್ತು. ನಾನು ಬಾಯಿ ಬಿಡುವ ಮೊದಲೇ, ‘ಈ ಭಾನುವಾರ ಇದೆಯೇನಪ್ಪಾ?’ ಅಂದರು.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಕೊನೆಗೆ ಎಲ್ಟನ್ ಪ್ರೀತಿಸಿದ ಉರ್ಸುಲಾ ಒಂದು ಕಲ್ಲು ಚಪ್ಪಡಿಯ ಮೇಲೆ ಬರೀ ಮುಖವಾಗಿ ಉಳಿಯುತ್ತಾಳೆ. ಅದರ ಬಗ್ಗೆ ಬರುವ ಒಂದು ಪೋಲಿ ಮಾತು ಬೇಡವಾಗಿತ್ತು. ಆದರೆ ಅದಕ್ಕೆ ಮುಂಚೆ, ರಾಕ್ಷಸನ ಮೈಯೊಳಗೆ ಸಿಕ್ಕಿಬಿದ್ದ ಗೆಳೆಯರೆಲ್ಲ ಸೇರಿ ಒಳಗಿನಿಂದಲೇ ಅವನನ್ನು ಜಗ್ಗುತ್ತಾರೆ. ಮಕ್ಕಳಾಟ ಅಂದವರು ಇದನ್ನು ಹೇಗೆ ನೋಡಿದರೋ ನನಗೆ ತಿಳಿಯಲ್ಲ. ಆಮೇಲೆ ಎಲ್ಟನ್‌ಗೆ ಚಿಕ್ಕಂದಿನಲ್ಲಿ ಡಾಕ್ಟರ್ ತನ್ನ ಮನೆಯಲ್ಲಿ ಯಾಕೆ ಕಂಡ ಅನ್ನೋದು ಗೊತ್ತಾಗುತ್ತದೆ. ಅವತ್ತು ರಾತ್ರಿಯೇ ಅವನ ಅಮ್ಮ ತೀರಿಕೊಂಡಿದ್ದಳು. ಡಾಕ್ಟರ್ ಬಂದಿದ್ದ, ಆದರೆ ಅವಳನ್ನು ಉಳಿಸಲು ಆಗಿರಲಿಲ್ಲ. ಇಷ್ಟು ವರ್ಷ ಎಲ್ಟನ್ ಡಾಕ್ಟರನ್ನು ಹುಡುಕಿದ, ಅಮ್ಮನ ನೆನಪಿನ ಹತ್ತಿರ ಮಾತ್ರ ಹೋಗಿರಲಿಲ್ಲ.

ಒಂದೇ ಒಂದು ಸಲಹೆ. ಇದರ ಹಿಂದಿನ ಎರಡು ಎಪಿಸೋಡುಗಳು ಜಾಸ್ತಿ ಭಯ ಹುಟ್ಟಿಸುವಂಥವು. ಅವನ್ನು ನೋಡಿದ ದಿನವೇ ಇದನ್ನು ಹಾಕಬೇಡಿ. ಒಂದೆರಡು ದಿನ ಬಿಟ್ಟು, ಸಾಧ್ಯವಾದರೆ ಜೊತೆಗೆ ಯಾರನ್ನಾದರೂ ಕೂರಿಸಿಕೊಂಡು ನೋಡಿ.