ಆರು ತಿಂಗಳಿಂದ ಅದೇ ಐದನೇ ಬಾರ್

ಪಿಯಾನೊ ಕಲಿಯುವವರಿಂದ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ದೂರು ಹೊತ್ತು ಬರುತ್ತವೆ: ದಿನವೂ ಕೂರುತ್ತೇನೆ, ಕೈ ಮಾತ್ರ ಮುಂದೆ ಹೋಗುತ್ತಿಲ್ಲ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ನನಗೆ 34 ವರ್ಷ, ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಮೋಟ್ಸಾರ್ಟ್‌ನ ಸಿ ಮೇಜರ್ ಸೊನಾಟಾ (ಕೃತಿಸಂಖ್ಯೆ ಕೆ. 545), ಅದರ ಮೊದಲ ಭಾಗವನ್ನು ಆರು ತಿಂಗಳಿಂದ ರಾತ್ರಿ ಒಂದು ಗಂಟೆ ನುಡಿಸುತ್ತೇನೆ. ಐದನೇ ಬಾರ್‌ಗೆ (ಸ್ವರಲಿಪಿಯಲ್ಲಿ ಎರಡು ಲಂಬ ಗೆರೆಗಳ ನಡುವಿನ ತುಣುಕು) ಬಂದೊಡನೆ ಎಡವುತ್ತೇನೆ. ಇದು ಆರಂಭಿಕರಿಗೆಂದೇ ಬರೆದ ಕೃತಿಯಂತೆ. ಉತ್ಸಾಹ ಬತ್ತಿದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. 1788ರಲ್ಲಿ ಮೋಟ್ಸಾರ್ಟ್ ತನ್ನ ಕೃತಿಗಳ ಪಟ್ಟಿಯಲ್ಲಿ 'ಆರಂಭಿಕರಿಗೆ' ಎಂದು ಬರೆದುಕೊಂಡದ್ದು ನಿಜ. ಆ ಒಂದು ಮಾತಿನಿಂದ ಎಷ್ಟು ಜನ ತಮ್ಮನ್ನು ದಡ್ಡರೆಂದುಕೊಂಡು ಕೈಚೆಲ್ಲಿದ್ದಾರೋ! ಒಂದು ತಪ್ಪನ್ನೂ ಮುಚ್ಚಿಡಲು ಎಡೆಯಿಲ್ಲದ ಸಂಗೀತ ಅದು. ಎರಡು ವರ್ಷದ ಕೈಗೆ ಸುಲಭವಲ್ಲ.

ಈಗ ನಿಮ್ಮ ಸ್ವರಲಿಪಿಯ ಹಾಳೆ ತೆಗೆದು ನೋಡಿ. ನನ್ನ ಬಳಿ ಬರುವವರ ಹಾಳೆಗಳಲ್ಲಿ ಮೊದಲ ಸಾಲು ಪೆನ್ಸಿಲ್ ಗುರುತುಗಳಿಂದ ಕಪ್ಪಾಗಿರುತ್ತದೆ. ಎರಡನೇ ಪುಟ ಅಂಗಡಿಯಿಂದ ತಂದ ದಿನದಷ್ಟೇ ಬಿಳುಪು. ನಿಮ್ಮದೂ ಹಾಗೇ ಇದ್ದರೆ ಕಾರಣ ಸಿಕ್ಕಿತು. ತಪ್ಪಿದಾಗಲೆಲ್ಲ ಮೊದಲಿನಿಂದ ಶುರು ಮಾಡುತ್ತೀರಿ. ಎಡಗೈ ಸಿ-ಜಿ-ಇ-ಜಿ ಎಂದು ತೂಗುವ ಆರಂಭದ ಬಾರ್‌ಗಳು ಎಂದೋ ಕೈಗೆ ಬಂದಿವೆ, ಅವನ್ನೇ ರಾತ್ರಿಗೆ ಇಪ್ಪತ್ತು ಸಲ ನುಡಿಸುತ್ತೀರಿ. ಐದನೆಯದನ್ನು ಇಪ್ಪತ್ತು ಸಲ ಎಡವುತ್ತೀರಿ. ಕೈಗೆ ಸರಿತಪ್ಪು ತಿಳಿಯದು, ಮಾಡಿಸಿದ್ದನ್ನೇ ಕಲಿಯುತ್ತದೆ. ಆರು ತಿಂಗಳು ನೀವು ಎಡವುವುದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೀರಿ.

ನಾಳೆಯಿಂದ ಐದನೇ ಬಾರ್‌ನಿಂದಲೇ ಶುರು ಮಾಡಿ, ಬಲಗೈ ಮಾತ್ರ. ಎ ಸ್ವರದಿಂದ ಮೇಲೇರಿ ಇಳಿಯುವ ಓಟ ಅದು. ಮುಂದಿನ ಮೂರು ಬಾರ್‌ಗಳಲ್ಲಿ ಅದೇ ಓಟ ಒಂದೊಂದು ಸ್ವರ ಕೆಳಗಿನಿಂದ ಹೊರಡುತ್ತದೆ. ಹೆಬ್ಬೆರಳು ಮೂರನೇ ಬೆರಳಿನ ಕೆಳಗೆ ನುಸುಳುವ ಗಳಿಗೆಯನ್ನು ಕಣ್ಣಿಟ್ಟು ನೋಡಿ. ಮೊಣಕೈ ಫಕ್ಕನೆ ಹೊರಕ್ಕೆ ಏಳುತ್ತದೆಯೇ? ಹೆಬ್ಬೆರಳು ಕೊನೆಯ ಕ್ಷಣದವರೆಗೆ ಕಾದು ಆಮೇಲೆ ಧಾವಿಸುತ್ತದೆಯೇ? ಎಡವುವುದು ಅಲ್ಲಿಯೇ. ಲಯ ಬಡಿಯುವ ಮೆಟ್ರೋನೋಮನ್ನು ನಿಮಿಷಕ್ಕೆ 50 ಬಡಿತಕ್ಕಿಟ್ಟು, ಒಂದು ಬಡಿತಕ್ಕೆ ಎರಡೇ ಸ್ವರದಂತೆ ನುಡಿಸಿ. ಮಣಿಕಟ್ಟು ಸಡಿಲವಾಗಿರಲಿ. ಸಾಲಾಗಿ ಐದು ಸಲ ಸರಿ ಬಂದರೆ ಏಳಿ, ನೀರು ಕುಡಿಯಿರಿ, ಬೇರೇನಾದರೂ ನುಡಿಸಿ ಮತ್ತೆ ಇದಕ್ಕೆ ಬನ್ನಿ. ಸರಳೆ ವರಸೆಯನ್ನು ಮೊದಲ ಕಾಲದಲ್ಲಿ ತಿಂಗಳುಗಟ್ಟಲೆ ಹಾಡಿಸುವ ಮೇಷ್ಟರನ್ನು ಯಾರೂ ಪ್ರಶ್ನಿಸುವುದಿಲ್ಲ; ಪಿಯಾನೊ ಮುಂದೆ ಕೂತೊಡನೆ ಎಲ್ಲರಿಗೂ ಮೂರನೇ ಕಾಲವೇ ಬೇಕು!

ರಾತ್ರಿ ಒಂದು ಗಂಟೆಗಿಂತ ಬೆಳಿಗ್ಗೆ ಇಪ್ಪತ್ತು, ರಾತ್ರಿ ಇಪ್ಪತ್ತು ನಿಮಿಷ ಮೇಲು. ಕೈ ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ, ನಿದ್ದೆಗೆಟ್ಟು ನುಡಿಸಬೇಡಿ.

ಉತ್ಸಾಹದ ಮಾತು. ಕಿವಿ ಕೈಗಿಂತ ಬೇಗ ಬೆಳೆಯುತ್ತದೆ. ಹೋದ ವರ್ಷ ಕೇಳಿಸದೇ ಇದ್ದ ಒರಟುತನ ಈಗ ಕೇಳಿಸುತ್ತಿದೆ, ಅದಕ್ಕೇ ಹಿಂದೆ ಹೋದಂತೆ ಅನಿಸುತ್ತದೆ. ಪ್ರತಿ ಭಾನುವಾರ ಐದರಿಂದ ಎಂಟರವರೆಗಿನ ಅದೇ ನಾಲ್ಕು ಬಾರ್‌ಗಳನ್ನು ಮೊಬೈಲ್‌ನಲ್ಲಿ ಮುದ್ರಿಸಿಡಿ, ಎರಡು ತಿಂಗಳು ಕೇಳಬೇಡಿ. ಆಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗೆ ಕೇಳಿ.

ಪ್ರಶ್ನೆ: ನಲವತ್ತರ ಮೇಲೆ ಬೆರಳು ಬಗ್ಗುವುದಿಲ್ಲವೇ?
ಉತ್ತರ: ಬಗ್ಗುತ್ತವೆ. ಬಗ್ಗದಿರುವುದು ಸಂಕೋಚ.

ಪ್ರಶ್ನೆ: 'ಮೂವತ್ತು ದಿನದಲ್ಲಿ ಪಿಯಾನೊ' ತರಗತಿಗೆ ಹಣ ಕಟ್ಟಲೇ?
ಉತ್ತರ: ಬೇಡ. ಅದು ಮೋಸ.

ಪ್ರಶ್ನೆ: ನುಡಿಸುವಾಗ ಮುಂಗೈ ನೋಯುತ್ತದೆ. ಸಹಿಸಿಕೊಂಡರೆ ಬಲ ಬರುತ್ತದೆ ಎನ್ನುತ್ತಾರೆ.
ಉತ್ತರ: ಹಾಗೆಂದವರ ಬಳಿ ಕಲಿಯಬೇಡಿ. ಇಂದೇ ನಿಲ್ಲಿಸಿ, ವಾರದಲ್ಲಿ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಬೆರಳಿಗೆ ಬಲ ತರುವ ಸ್ಪ್ರಿಂಗ್ ಉಪಕರಣ ಕೊಳ್ಳಬಹುದೇ?
ಉತ್ತರ: ಜರ್ಮನ್ ಸಂಗೀತ ರಚನಕಾರ ರಾಬರ್ಟ್ ಶೂಮನ್ ಕೂಡ ಬೆರಳಿಗೆ ಅಂಥದ್ದೊಂದು ಸಾಧನ ಕಟ್ಟಿಕೊಂಡಿದ್ದ. ಇಪ್ಪತ್ತೆರಡು ತುಂಬುವಷ್ಟರಲ್ಲಿ ಬಲಗೈ ಕೆಟ್ಟು ವಾದಕನಾಗುವ ಆಸೆಯನ್ನೇ ಬಿಡಬೇಕಾಯಿತು. ಅದಕ್ಕೆ ಆ ಸಾಧನವೇ ಕಾರಣವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಿಮ್ಮ ಬೆರಳ ಮೇಲೆ ಆ ಪ್ರಯೋಗ ಬೇಡ.